ಚೀನಾದ ಹಳ್ಳಿ ಅರ್ಥವಾಗಲು ಕನ್ಫ್ಯೂಷಿಯಸ್ ಒಬ್ಬನೇ ಸಾಲದು

ಚೀನಾ, ಜಪಾನ್, ಕೊರಿಯಾ ಇಷ್ಟು ಮುಂದೆ ಹೋಗಿದ್ದು ಹೇಗೆ ಅಂತ ಯಾರನ್ನಾದರೂ ಕೇಳಿ. "ಅದು ಅವರ ಸಂಸ್ಕೃತಿ ಸ್ವಾಮಿ, ಶಿಸ್ತು ರಕ್ತದಲ್ಲೇ ಇದೆ, ಎಲ್ಲ ಅವರ ಹಳೇ ಕಾಲದ ಗುರು ಕನ್ಫ್ಯೂಷಿಯಸ್ ಕಲಿಸಿದ್ದು" ಅಂತಾರೆ. ಈ ಮಾತನ್ನು ನಾನು ಒಪ್ಪಲ್ಲ. ಯಾಕೆ ಅಂತ ಹೇಳಬೇಕಾದರೆ ಫೇ ಶಿಯಾವೊತೊಂಗ್ ಅವರ ಕಥೆ ಹೇಳಬೇಕು.

ಫೇ ಚೀನಾದ ಮಾನವಶಾಸ್ತ್ರಜ್ಞರು, ಹುಟ್ಟಿದ್ದು 1910ರಲ್ಲಿ. 1935ರಲ್ಲಿ, ಮದುವೆಯಾಗಿ ಇನ್ನೂ ಕೆಲವೇ ತಿಂಗಳು, ಹೆಂಡತಿ ವಾಂಗ್ ತೊಂಗ್‌ಹುಯಿ ಜೊತೆ ದಕ್ಷಿಣ ಚೀನಾದ ಗ್ವಾಂಗ್‌ಶಿಯಲ್ಲಿ ಯಾವ್ ಅನ್ನೋ ಬುಡಕಟ್ಟಿನವರಿರುವ ಬೆಟ್ಟಗಳಿಗೆ ಅಧ್ಯಯನಕ್ಕೆ ಹೋದರು. ಅಲ್ಲಿ ಹುಲಿ ಹಿಡಿಯಲು ಒಡ್ಡಿದ್ದ ಬೋನಿಗೆ ಸಿಕ್ಕಿ ಫೇ ಜಖಂ ಆದರು. ಜನರನ್ನು ಕರೆತರ್ತೀನಿ ಅಂತ ಹೊರಟ ವಾಂಗ್ ವಾಪಸ್ ಬರಲೇ ಇಲ್ಲ. ಆಕೆಯ ಹೆಣ ಹಳ್ಳದಲ್ಲಿ ಸಿಕ್ಕಿತು.

ಮಾರನೇ ವರ್ಷ, ಸುಧಾರಿಸಿಕೊಳ್ಳಲು ಅಂತ ಅವರು ಹೋಗಿದ್ದು ಯಾಂಗ್‌ತ್ಸೆ ನದಿಯ ಕೆಳದಂಡೆಯ ಕೈಶ್ಯಾನ್‌ಗೊಂಗ್ ಎಂಬ ಹಳ್ಳಿಗೆ. ಸುಮಾರು 360 ಮನೆಗಳು. ಅವರ ಅಕ್ಕ ಅಲ್ಲಿನ ರೈತರಿಗೆ ಸಹಕಾರಿ ರೇಷ್ಮೆ ಕಾರ್ಖಾನೆ ಕಟ್ಟಲು ನೆರವಾಗಿದ್ದರು. ಫೇ ಅಲ್ಲಿ ಕೂತು ಲೆಕ್ಕ ಹಾಕಿದರು: ಯಾರಿಗೆಷ್ಟು ಗದ್ದೆ, ಎಷ್ಟು ಗೇಣಿ, ಸಾಲದ ಬಡ್ಡಿ ಎಷ್ಟು. ಗೊತ್ತಾಗಿದ್ದಿಷ್ಟು: ಬರೀ ಭತ್ತದಿಂದ ಆ ಹಳ್ಳಿಯ ಹೊಟ್ಟೆ ತುಂಬುತ್ತಿರಲಿಲ್ಲ, ರೇಷ್ಮೆಯೂ ಬೇಕಿತ್ತು. ಪ್ರಪಂಚದ ಮಾರುಕಟ್ಟೆಯಲ್ಲಿ ರೇಷ್ಮೆ ಬೆಲೆ ಕುಸಿದಾಗ ಜನ ಸಾಲಕ್ಕೆ ಬಿದ್ದರು, ಜಮೀನು ಪಟ್ಟಣದ ಧಣಿಗಳ ಪಾಲಾಯಿತು. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ತುಂಬಾ ಹಿಡಿಸಿದ್ದು ಅವರು ದಾಖಲಿಸಿದ ಒಂದು ಸಣ್ಣ ಘಟನೆ. ಕಾರ್ಖಾನೆ ಬಿಡುವ ಹೊತ್ತು, ಮಳೆ. ಗಂಡ ಕೊಡೆ ಕಳಿಸೋದು ಮರೆತಿದ್ದ. ಕೂಲಿ ದುಡಿಯುವ ಹೆಂಡತಿ ಎಲ್ಲರ ಎದುರಿಗೇ ಅವನನ್ನು ಬೈದಳು. ಗಂಡನ ಸೇವೆಯೇ ಹೆಂಡತಿಯ ಧರ್ಮ ಅಂತಿದ್ದ ಊರಲ್ಲಿ! ಕೈಗೆ ಸಂಬಳ ಬಂದಿತ್ತು, ಮನೆಯೊಳಗಿನ ಮಾತು ಬದಲಾಯಿತು. ಸಾವಿರಾರು ವರ್ಷದ ಸಂಸ್ಕೃತಿ ಅಂತೀವಲ್ಲ, ಅದು ಕೆಲವೇ ವರ್ಷಗಳಲ್ಲಿ ಅಲುಗಾಡಿದ್ದು ಹೀಗೆ. ಹಾಗಂತ ಫೇ ಕಾರ್ಖಾನೆಯನ್ನು ಹೊಗಳಿ ಸುಮ್ಮನಾಗಲಿಲ್ಲ. ಮೊದಲು ಮನೆಮನೆಯಲ್ಲಿ ನೂಲು ಬಿಚ್ಚುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಂತ್ರ ಬಂದ ಮೇಲೆ ಕೆಲಸವೇ ಇಲ್ಲದಂತಾಯಿತು ಅಂತಲೂ ಬರೆದರು. ಆದರೂ ಹಳ್ಳಿಗೆ ಇಂಥ ಕಾರ್ಖಾನೆ ಬೇಕು ಅನ್ನೋದೇ ಅವರ ನಿಲುವು.

1939ರಲ್ಲಿ ಈ ಹಳ್ಳಿಯ ಬಗ್ಗೆ ಅವರ ಪುಸ್ತಕ ಬಂತು, ಅವರ ಗುರು, ಹೆಸರಾಂತ ಮಾನವಶಾಸ್ತ್ರಜ್ಞ ಮ್ಯಾಲಿನೋವ್‌ಸ್ಕಿ ಮುನ್ನುಡಿ ಬರೆದರು. ತನ್ನದೇ ಜನರನ್ನು ಅಧ್ಯಯನ ಮಾಡುವವರು ಪಕ್ಷಪಾತಿಗಳು ಅನ್ನೋ ಆಕ್ಷೇಪ ಉಂಟು. 1948ರಲ್ಲಿ ಮೈಸೂರಿನ ಹತ್ತಿರದ ರಾಂಪುರಕ್ಕೆ ಹೋದ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಗೂ ಈ ಪ್ರಶ್ನೆ ತಪ್ಪಲಿಲ್ಲ. ನನ್ನ ಪ್ರಕಾರ ಆ ಜನರ ಹಸಿವು ತನ್ನದೂ ಹೌದು ಅಂದುಕೊಂಡವನೇ ಲೆಕ್ಕವನ್ನು ಸರಿಯಾಗಿ ನೋಡುತ್ತಾನೆ.

ಶ್ರೀನಿವಾಸರು ದಿಲ್ಲಿಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟುವ ಕಾಲಕ್ಕೆ ಚೀನಾದ ವಿಶ್ವವಿದ್ಯಾಲಯಗಳಲ್ಲಿ ಆ ವಿಷಯವೇ ಇರಲಿಲ್ಲ, ಕಮ್ಯುನಿಸ್ಟ್ ಸರ್ಕಾರ 1952ರಲ್ಲೇ ಮುಚ್ಚಿಸಿತ್ತು. 1957ರಲ್ಲಿ ಫೇ ಮತ್ತೆ ಕೈಶ್ಯಾನ್‌ಗೊಂಗ್‌ಗೆ ಹೋದರು. ಭತ್ತ ಜಾಸ್ತಿ ಬೆಳೆದರೂ ಜನರ ಕೈಯಲ್ಲಿ ಕಾಸಿಲ್ಲ ಯಾಕೆ? ಉಪಕಸುಬುಗಳನ್ನು ಕೈಬಿಟ್ಟಿದ್ದಕ್ಕೆ, ಅಂತ ಬರೆದರು. ಅದೇ ವರ್ಷ ಆ ಸರ್ಕಾರ ಅವರಿಗೆ 'ಬಲಪಂಥೀಯ', ಅಂದರೆ ಕಮ್ಯುನಿಸಂ ವಿರೋಧಿ, ಅಂತ ಹಣೆಪಟ್ಟಿ ಹಚ್ಚಿ ಬಾಯಿ ಮುಚ್ಚಿಸಿತು. 20 ವರ್ಷಕ್ಕೂ ಮಿಕ್ಕಿ ಅವರ ಕೆಲಸ ನಿಂತಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ, ಸಿಟ್ಟು ಎರಡೂ ಆಗುತ್ತೆ. 1980ರ ದಶಕದಲ್ಲಿ ಹಳ್ಳಿ ಹಳ್ಳಿಗೂ ಕಾರ್ಖಾನೆ ಬೇಕು ಅಂತ ಚೀನಾ ಸರ್ಕಾರವೇ ಹೊರಟಾಗ, ಅದನ್ನೇ 1930ರ ದಶಕದಲ್ಲಿ ಹೇಳಿದ್ದ ಮನುಷ್ಯನಿಗೆ 70 ದಾಟಿತ್ತು.