ಒಳನೀರು, ಹೊರನೀರು: ಜಪಾನಿನ ಬಿಸಿನೀರಿನ ವಸತಿಗೃಹದಲ್ಲಿ

ಎಲ್ಲರಿಗೂ ನಮಸ್ಕಾರ.

ಜಪಾನಿಗೆ ಹೋಗಿ ಬಂದ ನಮ್ಮವರು ದೇವಾಲಯದ ಚಿತ್ರ ತೋರಿಸುತ್ತಾರೆ, ಚೆರ್ರಿ ಹೂವಿನ ಚಿತ್ರ ತೋರಿಸುತ್ತಾರೆ, ಬುಲೆಟ್ ರೈಲಿನ ವೇಗವನ್ನು ವರ್ಣಿಸುತ್ತಾರೆ. 'ಬಿಸಿನೀರಿನ ಬುಗ್ಗೆಯಲ್ಲಿ ಮಿಂದಿರಾ?' ಎಂದು ಕೇಳಿದರೆ ಮಾತ್ರ ಮಾತು ಬದಲಿಸುತ್ತಾರೆ. ಕಾರಣ ನಮಗೆಲ್ಲ ಗೊತ್ತಿರುವುದೇ. ಒನ್‌ಸೆನ್ ಎಂದು ಕರೆಯುವ ಆ ಸ್ನಾನಗೃಹಗಳಲ್ಲಿ ಮೈಮೇಲೆ ಒಂದೆಳೆ ಬಟ್ಟೆ ಇಲ್ಲದೆ, ಗುರುತಿಲ್ಲದವರ ನಡುವೆ ನೀರಿಗಿಳಿಯಬೇಕು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳಗಳಿರುತ್ತವೆ, ನಿಜ. ಆದರೂ ಸೀರೆ ಉಟ್ಟೇ ಹೊಳೆಯಲ್ಲಿ ಮುಳುಗೇಳುತ್ತಿದ್ದವರ ಮನೆಯಿಂದ ಬಂದ ನಮಗೆ ಅದು ಸುಲಭವಲ್ಲ.

ನನ್ನ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮಾತು ಬಂದಾಗ ಅವರು ಮೊದಲೇ ಹೇಳಿಬಿಟ್ಟರು: 'ಬಚ್ಚಲಮನೆಯ ಅಗುಳಿ ಹಾಕದೆ ನಾನು ಈವರೆಗೆ ಮೈಗೆ ನೀರು ಹೊಯ್ದುಕೊಂಡವಳಲ್ಲ. ನೀನು ಹೋಗಿ ಬಾ, ನಾನು ಕೋಣೆಯಲ್ಲಿರುತ್ತೇನೆ.' ಅವರ ಮಂಡಿನೋವಿಗೆ ಬಿಸಿನೀರಿನಿಂದ ಸ್ವಲ್ಪ ಹಿತವಾಗಲಿ ಎಂಬುದೇ ನನ್ನ ಆಸೆಯಾಗಿತ್ತು. ಹಾಗಾಗಿ ಅಗುಳಿ ಇರುವ ಬಿಸಿನೀರನ್ನು ಹುಡುಕಿದೆ. ಅದು ಸಿಕ್ಕಿತು. ಇವತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ.

ಜಪಾನಿನ ಸಾಂಪ್ರದಾಯಿಕ ವಸತಿಗೃಹಕ್ಕೆ ರಿಯೋಕಾನ್ ಎಂದು ಹೆಸರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಕೋಣೆಯಲ್ಲಿ ಹುಲ್ಲಿನಿಂದ ಹೆಣೆದ ತಾತಾಮಿ ಚಾಪೆ, ತಗ್ಗಾದ ಒಂದು ಮೇಜು, ಬಿಸಿ ಚಹಾ. ರಾತ್ರಿ ಊಟ ಮುಗಿಸುವ ಹೊತ್ತಿಗೆ ಅದೇ ಚಾಪೆಯ ಮೇಲೆ ಹಾಸಿಗೆ ಸಿದ್ಧವಾಗಿರುತ್ತದೆ. ಮನೆಯೊಡತಿಯ ಸ್ಥಾನದಲ್ಲಿ ನಿಂತು ಇಡೀ ವಸತಿಗೃಹವನ್ನು ನಡೆಸುವ ಹೆಂಗಸಿಗೆ ಒಕಾಮಿ ಎನ್ನುತ್ತಾರೆ. ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಅದನ್ನು ಉಡುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ತಿರುಗಾಮುರುಗಾ ಉಡಿಸುವುದು ಶವಕ್ಕೆ. ಅಮ್ಮ ಮೊದಲ ದಿನ ಹಾಗೆ ಉಟ್ಟುಕೊಂಡಾಗ, ಊಟ ತರುತ್ತಿದ್ದ ಹೆಂಗಸು ಟ್ರೇ ಕೆಳಗಿಟ್ಟು, ಏನೂ ಹೇಳದೆ, ಮಗುವಿಗೆ ಸರಿಪಡಿಸುವಂತೆ ಸರಿಪಡಿಸಿದರು.

ಇನ್ನು ಅಗುಳಿಯ ವಿಷಯ. ಖಾಸಗಿ ಸ್ನಾನದಲ್ಲಿ ಕೆಲವು ಬಗೆಗಳಿವೆ. ಕೋಣೆಗೇ ಹೊಂದಿಕೊಂಡ ಬಯಲು ಕೊಳ ಎಲ್ಲಕ್ಕಿಂತ ದುಬಾರಿ. ಅಂಥ ಕೋಣೆ ಹಿಡಿದರೆ ನಡುರಾತ್ರಿಯಲ್ಲೂ ಎದ್ದು ನೀರಿಗಿಳಿಯಬಹುದು. ಕೈಗೆಟಕುವಂಥದ್ದು ಕಾಶಿಕಿರಿ, ಅಂದರೆ ಇಡಿಯಾಗಿ ಬಾಡಿಗೆಗೆ ಪಡೆಯುವ ಕೊಳ. ನಲವತ್ತೈದು ನಿಮಿಷವೋ ಒಂದು ಗಂಟೆಯೋ ಅದು ನಿಮ್ಮ ಕುಟುಂಬಕ್ಕೆ ಮಾತ್ರ. ಕೆಲವು ಕಡೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು, ಕೆಲವು ಕಡೆ ಬಾಗಿಲಿನ ಹಲಗೆಯನ್ನು 'ಒಳಗೆ ಜನರಿದ್ದಾರೆ' ಎಂದು ತಿರುಗಿಸಿಟ್ಟು ಒಳಗೆ ಹೋದರೆ ಸಾಕು. ಕಾಜೊಕು-ಬುರೊ, ಅಂದರೆ ಕುಟುಂಬದ ಸ್ನಾನ, ಎಂಬ ಹೆಸರೂ ಬಳಕೆಯಲ್ಲಿದೆ. ಚಿಕ್ಕ ಮಕ್ಕಳಿರುವವರು, ವಯಸ್ಸಾದ ತಂದೆ ತಾಯಿಯ ಕೈಹಿಡಿದು ಇಳಿಸಬೇಕಾದವರು, ಶಸ್ತ್ರಚಿಕಿತ್ಸೆಯ ಗಾಯದ ಗುರುತು ಉಳಿದವರು, ಮೈಮೇಲೆ ಹಚ್ಚೆ ಇರುವ ಕಾರಣಕ್ಕೆ ಸಾರ್ವಜನಿಕ ಕೊಳಕ್ಕೆ ಪ್ರವೇಶ ಸಿಗದವರು ಇದನ್ನು ಆರಿಸಿಕೊಳ್ಳುತ್ತಾರೆ. ನಾಚಿಕೆ ನಮ್ಮೊಬ್ಬರದೇ ಸೊತ್ತಲ್ಲ ಎಂದು ನನಗೆ ತಿಳಿದದ್ದು ಅಲ್ಲಿಯೇ.

ಒಂದು ಕಾಲದಲ್ಲಿ ಇಂಥ ಏಕಾಂತ ಎಷ್ಟು ದೊಡ್ಡವರಿಗೆ ಸಲ್ಲುತ್ತಿತ್ತು ಎಂಬುದನ್ನು ನೋಡಬೇಕಾದರೆ ಮಾತ್ಸುಯಾಮಾ ನಗರದ ದೋಗೊ ಒನ್‌ಸೆನ್‌ಗೆ ಹೋಗಬೇಕು. ಅದರ ಮುಖ್ಯ ಮರದ ಕಟ್ಟಡ 1894ರದು. ಐದು ವರ್ಷಗಳ ನಂತರ, 1899ರಲ್ಲಿ, ಅದರ ಪಕ್ಕದಲ್ಲಿ ಚಕ್ರವರ್ತಿಯ ಮನೆತನದವರು ಮೀಯುವುದಕ್ಕೆಂದೇ ಬೇರೊಂದು ಸ್ನಾನಗೃಹ ಕಟ್ಟಿದರು. ಇಂದು ಅದು ನೋಡುವುದಕ್ಕೆ ಮಾತ್ರ. ಅಂದು ಅರಮನೆಗೆ ಸಲ್ಲುತ್ತಿದ್ದ ಏಕಾಂತ ಇಂದು ಮುಕ್ಕಾಲು ಗಂಟೆಯ ಮಟ್ಟಿಗೆ ನನ್ನ ಅಮ್ಮನಿಗೂ ಸಿಕ್ಕಿತು.

ನಾವು ಉಳಿದುಕೊಂಡದ್ದು ಹ್ಯೋಗೊ ಪ್ರಾಂತದ ಉತ್ತರ ತುದಿಯ ಕಿನೊಸಾಕಿಯಲ್ಲಿ. ಒಸಾಕಾದಿಂದಲೂ ಕ್ಯೋಟೊದಿಂದಲೂ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಊರ ನಡುವೆ ಸಣ್ಣ ಹೊಳೆ, ಎರಡೂ ದಂಡೆಗೆ ಬಾಗಿದ ವಿಲೋ ಮರಗಳು, ಕಲ್ಲಿನ ಕಮಾನು ಸೇತುವೆಗಳು. ಗಾಯಗೊಂಡ ಕೊಕ್ಕರೆಯೊಂದು ನೀರಿನಲ್ಲಿ ಕಾಲಿಟ್ಟು ಗುಣವಾದುದನ್ನು ಕಂಡು ಜನ ಬಿಸಿನೀರಿನ ಗುಣವನ್ನು ಅರಿತರು ಎಂಬ ಕತೆಯಿದೆ. ದೋಚಿ ಎಂಬ ಬೌದ್ಧ ಭಿಕ್ಷು ಸಾವಿರ ದಿನ ಪ್ರಾರ್ಥಿಸಿದಾಗ ಬುಗ್ಗೆ ಚಿಮ್ಮಿತು ಎಂಬ ಇನ್ನೊಂದು ಕತೆಯೂ ಇದೆ. ಊರಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಅವುಗಳಿಗೆ ಸೊತೊ-ಯು ಎನ್ನುತ್ತಾರೆ, ಹೊರಗಿನ ಬಿಸಿನೀರು ಎಂದರ್ಥ. ವಸತಿಗೃಹದ ಒಳಗಿನ ಸ್ನಾನ ಉಚಿ-ಯು, ಒಳಗಿನ ಬಿಸಿನೀರು.

ಈ ಒಳಗು ಹೊರಗಿನ ನಡುವೆ ಆ ಊರಿನಲ್ಲಿ ದೊಡ್ಡದೊಂದು ಜಗಳವೇ ನಡೆದಿದೆ. ಹಿಂದೆ ಕಿನೊಸಾಕಿಯ ವಸತಿಗೃಹಗಳಲ್ಲಿ ಬಿಸಿನೀರಿನ ಕೊಳವೇ ಇರಲಿಲ್ಲ. ಅತಿಥಿಗಳೂ ಊರವರೂ ಹೊರಗಿನ ಸ್ನಾನಗೃಹಕ್ಕೇ ಹೋಗಬೇಕಿತ್ತು. 1925ರ ಮೇ 23ರಂದು ಭೂಕಂಪವಾಗಿ, ಬೆಂಕಿ ಬಿದ್ದು, ಊರು ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಒಂದು ವಸತಿಗೃಹ ತನ್ನ ಆವರಣದೊಳಗೇ ಬಿಸಿನೀರಿನ ಸ್ನಾನದ ವ್ಯವಸ್ಥೆ ಮಾಡಿಕೊಂಡಿತು. ಊರು ಸಿಡಿದೆದ್ದಿತು. ನೆಲದಡಿಯ ನೀರು ಊರಿಗೆಲ್ಲ ಸೇರಿದ್ದು, ಒಬ್ಬೊಬ್ಬರೂ ತಮ್ಮ ಅಂಗಳದಲ್ಲಿ ತೋಡಿಕೊಂಡರೆ ಹೊರಗಿನ ಬುಗ್ಗೆಗಳು ಬತ್ತುತ್ತವೆ, ಅತಿಥಿಗಳು ಬೀದಿಗಿಳಿಯದಿದ್ದರೆ ಬೀದಿಯನ್ನೇ ನಂಬಿದವರು ಏನು ಮಾಡಬೇಕು ಎಂಬುದು ಅವರ ವಾದ. ತನ್ನ ಭೂಮಿಯ ನೀರು ತನ್ನದು ಎಂಬುದು ಎದುರು ವಾದ. ಜಗಳ ನ್ಯಾಯಾಲಯದ ಮೆಟ್ಟಿಲೇರಿತು, ನಡುವೆ ಮಹಾಯುದ್ಧವೂ ಬಂದು ಹೋಯಿತು. ರಾಜಿಯಾದದ್ದು 1950ರಲ್ಲಿ. ಒಳಗೆ ಸ್ನಾನ ಇಟ್ಟುಕೊಳ್ಳಬಹುದು, ಆದರೆ ಅದರ ಗಾತ್ರಕ್ಕೆ ಮಿತಿ ಇರಬೇಕು, ನೀರಿನ ಉಸ್ತುವಾರಿ ಊರಿನ ಕೈಯಲ್ಲೇ ಇರಬೇಕು ಎಂಬುದು ಆ ರಾಜಿಯ ತಿರುಳು. ಮುಂದೆ ಬುಗ್ಗೆಗಳ ನೀರನ್ನು ಒಂದೆಡೆ ಸೇರಿಸಿ, ಕೊಳವೆಯ ಮೂಲಕ ಎಲ್ಲರಿಗೂ ಹಂಚುವ ಏರ್ಪಾಟೂ ಆಯಿತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕಿನೊಸಾಕಿಯ ವಸತಿಗೃಹಗಳಲ್ಲಿ ಒಳಗಿನ ಕೊಳಗಳು ಸಾಮಾನ್ಯವಾಗಿ ಚಿಕ್ಕವು. ಚಿಕ್ಕದಾದ್ದರಿಂದಲೇ ಒಂದು ಕುಟುಂಬ ಅಗುಳಿ ಹಾಕಿಕೊಂಡು ಮೀಯಲು ಅವು ಹೇಳಿಮಾಡಿಸಿದಂತಿವೆ. ಅಮ್ಮನಿಗೆ ದೊರೆತ ಆ ಪುಟ್ಟ ಮರದ ತೊಟ್ಟಿಯ ಹಿಂದೆ ಒಂದು ಊರು ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಸಿದ ವ್ಯಾಜ್ಯವಿತ್ತು. ಹಂಚಿಕೊಂಡ ನೀರಿನಲ್ಲಿ ನಮ್ಮ ಪಾಲಿನ ಮುಕ್ಕಾಲು ಗಂಟೆ ಎಂದು ತಿಳಿದು ಇಳಿದರೆ, ಇಳಿಯುವ ರೀತಿಯೇ ಬೇರೆಯಾಗುತ್ತದೆ.

ಆ ರೀತಿಯನ್ನೂ ಹೇಳುತ್ತೇನೆ. ತೊಟ್ಟಿಯ ಹೊರಗೆ ಗಿಡ್ಡ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ, ನೊರೆ ಒಂದಿಷ್ಟೂ ಉಳಿಯದಂತೆ ತೊಳೆದುಕೊಳ್ಳಬೇಕು. ಕಾಲಿನಿಂದ ಆರಂಭಿಸಿ ಮೈಮೇಲೆ ಬಿಸಿನೀರು ಹೊಯ್ದುಕೊಂಡು ಒಗ್ಗಿಸಿಕೊಳ್ಳಬೇಕು. ಆಮೇಲೆ ತೊಟ್ಟಿ. ಕೂದಲು ಕಟ್ಟಿರಬೇಕು, ಕೈವಸ್ತ್ರ ನೀರಿಗೆ ತಾಕಬಾರದು. ಬಾಗಿಲು ಹಾಕಿದೆ, ನೋಡುವವರಿಲ್ಲ ಎಂದು ಇವನ್ನು ಬಿಡುವಂತಿಲ್ಲ. ಅಗುಳಿ ತಡೆಯುವುದು ಪರರ ಕಣ್ಣನ್ನು. ತೊಟ್ಟಿಯ ನೀರಿಗೆ ನಮ್ಮ ನಂತರ ಇನ್ನೊಂದು ಕುಟುಂಬ ಇಳಿಯುತ್ತದೆ. ನಮ್ಮ ಕಡೆಯ ಪ್ರವಾಸಿಗರು ಸ್ನಾನ ಮುಗಿಸಿ ಬಿರಡೆ ಎಳೆದು ನೀರನ್ನೆಲ್ಲ ಹರಿಯಬಿಟ್ಟದ್ದನ್ನು ಕೇಳಿದ್ದೇನೆ, ಮನಸ್ಸಿಗೆ ತುಂಬ ನೋವಾಯಿತು. ದಯವಿಟ್ಟು ಹಾಗೆ ಮಾಡಬೇಡಿ.

ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮ್ಮ ಹಂಡೆಯ ನೀರನ್ನು ಬೆರಕೆ ಮಾಡಿಕೊಂಡು ಚೊಂಬಿನಲ್ಲಿ ಹೊಯ್ದುಕೊಳ್ಳುವುದಕ್ಕೂ ಕುತ್ತಿಗೆಯವರೆಗೆ ಮುಳುಗಿರುವುದಕ್ಕೂ ಬಹಳ ವ್ಯತ್ಯಾಸ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಮೊದಲ ಸಲಕ್ಕೆ ಐದು ನಿಮಿಷ ಸಾಕು. ಮದ್ಯ ಕುಡಿದು ಇಳಿಯಬಾರದು, ತಟ್ಟನೆ ಏಳಲೂ ಬಾರದು. ಇನ್ನೊಂದು ಮಾತು: 1948ರ ಅಲ್ಲಿನ ಕಾನೂನಿನ ಪ್ರಕಾರ ನೆಲದಿಂದ ಹೊರಬರುವಾಗ ನೀರು 25 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಿಸಿ ಇದ್ದರೆ, ಇಲ್ಲವೇ ಪಟ್ಟಿಮಾಡಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ, ಅದು ಒನ್‌ಸೆನ್. ಹಾಗಾಗಿ ಕಾಯಿಸಿದ ನೀರೂ ಆ ಹೆಸರಿನಲ್ಲಿ ಇರಬಹುದು. ಬುಗ್ಗೆಯಿಂದ ನೇರವಾಗಿ ಬಂದು ತುಂಬಿ ಹರಿಯುವ ನೀರೇ ಬೇಕಿದ್ದರೆ 'ಗೆನ್‌ಸೆನ್ ಕಾಕೆನಾಗಾಶಿ' ಎಂಬ ಮಾತನ್ನು ನೆನಪಿಟ್ಟುಕೊಂಡು ಕೇಳಿ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದೇ ಎಚ್ಚರಿಕೆ. ಕಿನೊಸಾಕಿ ಚಳಿಗಾಲದ ಏಡಿಗೆ ಹೆಸರಾದ ಊರು. ತರಕಾರಿಯ ಸಾರಿಗೂ ಒಣಮೀನಿನ ತಿಳಿ ಹಾಕುವುದು ಆ ದೇಶದ ಪದ್ಧತಿ. 'ಮಾಂಸ ಬೇಡ' ಎಂದರೆ ಸಾಲದು, 'ಮೀನಿನ ತಿಳಿಯೂ ಬೇಡ' ಎಂದು ಕೋಣೆ ಕಾದಿರಿಸುವಾಗಲೇ ಬರೆದು ತಿಳಿಸಬೇಕು. ಅಲ್ಲಿಗೆ ಹೋಗಿ ಹೇಳಿದರೆ ಅವರಿಗೂ ಸಂಕಟ, ನಮಗೂ ಹಸಿವು. ನಾವು ತಿಂಗಳ ಮೊದಲೇ ತಿಳಿಸಿದ್ದೆವು. ತೋಫು, ಅಣಬೆ, ಕಡಲಪಾಚಿ, ಉಪ್ಪಿನಕಾಯಿ, ಅನ್ನ ಬಂತು. ಅಮ್ಮ ಉಪ್ಪಿನಕಾಯಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು.

ಆ ರಾತ್ರಿ ಅಗುಳಿ ಹಾಕಿಕೊಂಡು, ತೊಟ್ಟಿಗಿಳಿಯುವ ಮೊದಲು, ಅಮ್ಮ ಮಣೆಯ ಮೇಲೆ ಕಣ್ಣು ಮುಚ್ಚಿ ಕುಳಿತರು. ನಾನು ಹಿಂದೆ ನಿಂತು ಅವರ ಬೆನ್ನು ಉಜ್ಜಿದೆ, ಚಿಕ್ಕವಳಿದ್ದಾಗ ನೀರು ತುಂಬುವ ಹಬ್ಬದ ಮರುದಿನ ಅವರು ನನಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದ ಹಾಗೆ. ತಾಯಿಗೆ ಮೀಯಿಸುವ ಅವಕಾಶ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಎಲ್ಲರ ನಡುವಿನ ಕೊಳದಲ್ಲಿ ಅದು ಸಿಗುತ್ತಿರಲಿಲ್ಲ.

ಮರುದಿನ ಊರು ನೋಡಲು ಹೊರಟೆವು. ಅಲ್ಲಿ ಹೇಳುವುದುಂಟು: ರೈಲು ನಿಲ್ದಾಣ ಮುಂಬಾಗಿಲು, ಬೀದಿ ಪಡಸಾಲೆ, ವಸತಿಗೃಹಗಳು ಕೋಣೆಗಳು, ಹೊರಗಿನ ಬಿಸಿನೀರೇ ಮನೆಯ ಬಚ್ಚಲು. ಇಡೀ ಊರೇ ಒಂದು ಮನೆ. ಸಂಜೆ ಎಲ್ಲರೂ ಯುಕಾತಾ ಉಟ್ಟು, ಮರದ ಪಾದುಕೆ ಕಟಕಟ ಅನ್ನಿಸುತ್ತ ಓಡಾಡುತ್ತಿದ್ದರು. ಸ್ನಾನಗೃಹವೊಂದರ ಮುಂದೆ, ಬೀದಿಯಲ್ಲೇ, ಕಾಲು ಇಳಿಬಿಟ್ಟು ಕೂರುವ ಬಿಸಿನೀರಿನ ಕಾಲುವೆ ಇತ್ತು. ಅಮ್ಮ ಒಂದು ಕ್ಷಣ ನಿಂತರು. ನಂತರ ಯುಕಾತಾವನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕುಳಿತುಬಿಟ್ಟರು. ಪಕ್ಕದಲ್ಲಿದ್ದ ಅಜ್ಜಿ ಸರಿದು ಜಾಗ ಕೊಟ್ಟರು, ತಮ್ಮ ಮಂಡಿ ತೋರಿಸಿ ಮುಖ ಕಿವುಚಿದರು. ಅಮ್ಮ ತಮ್ಮ ಮಂಡಿ ತೋರಿಸಿದರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಜಪಾನಿಯಲ್ಲಿ ಮಾತು ಆರಂಭಿಸಿದರು.

ನಾನು ಅವರನ್ನು ಅಲ್ಲೇ ಬಿಟ್ಟು, ಒಳಗೆ ಹೋಗಿ, ಹೆಂಗಸರ ದೊಡ್ಡ ಕೊಳದಲ್ಲಿ ಮಿಂದು ಬಂದೆ. ಬಂದಾಗಲೂ ಇಬ್ಬರ ಕಾಲುಗಳೂ ನೀರಿನಲ್ಲೇ ಇದ್ದವು.