ಹೋಂಸ್ಟೇಗೆ ಬರುವ ಸುಳ್ಳು ಬುಕಿಂಗ್: ಎರಡನೇ ಮೇಲ್ ನೋಡಿ

ನಮಸ್ಕಾರ. ಮೂಡಿಗೆರೆ ಕಡೆ ಒಂದು ಕಾಫಿ ತೋಟದ ಹೋಂಸ್ಟೇಯಲ್ಲಿದ್ದೇನೆ. ಹೂಮಳೆ ಚೆನ್ನಾಗಿ ಬಿದ್ದಿದೆ, ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾಗಿವೆ. ತೋಟ ಆಮೇಲೆ ಸುತ್ತೋಣ. ಈ ಮನೆ ನಡೆಸುವ ಅಕ್ಕನಿಗೆ ಒಂದು ಮೇಲ್ ಬಂದಿದೆ, ಅವರ ಒಪ್ಪಿಗೆ ಪಡೆದು ತೋರಿಸುತ್ತಿದ್ದೇನೆ.

ಓದಿ ನೋಡಿ. ವಿದೇಶದಿಂದ ಬರುವ ಕುಟುಂಬ, ಎಂಟು ಜನ, ಐದು ರಾತ್ರಿ. ಮಂಗಳೂರಿನಿಂದ ಎಷ್ಟು ದೂರ, ಊಟಕ್ಕೆ ಏನಿರುತ್ತದೆ, ರೇಟ್ ಸ್ವಲ್ಪ ಕಡಿಮೆ ಮಾಡುತ್ತೀರಾ, ಒಂದು ಪ್ರಶ್ನೆಯೂ ಇಲ್ಲ. ಮನೆಯ ಹೆಸರು ಕೂಡ ಬರೆದಿಲ್ಲ, ಬರೀ 'ನಿಮ್ಮ ಹೋಟೆಲ್' ಅಂತಿದೆ. ಆದರೆ ಪೂರ್ತಿ ಹಣ ಕಾರ್ಡ್‌ನಲ್ಲಿ ಈಗಲೇ ಕೊಡುತ್ತಾರಂತೆ. ಮಳೆಗಾಲ ಶುರುವಾದರೆ ರೂಮು ಖಾಲಿ ಬೀಳುವ ಜಾಗ ಇದು. ಇಂಥ ಮೇಲ್ ಬಂದರೆ ಯಾರಿಗೆ ಆಸೆ ಹುಟ್ಟುವುದಿಲ್ಲ ಹೇಳಿ?

ಅಸಲಿ ಆಟ ಇರುವುದು ಎರಡನೇ ಮೇಲ್‌ನಲ್ಲಿ. 'ನಮ್ಮ ಟ್ರಾವೆಲ್ ಏಜೆಂಟ್ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ನೀವೇ ನನ್ನ ಕಾರ್ಡ್‌ನಿಂದ ಜಾಸ್ತಿ ಹಣ ಎಳೆದುಕೊಂಡು, ಉಳಿದದ್ದನ್ನು ಅವರ ಖಾತೆಗೆ ಕಳಿಸಿಬಿಡಿ.' ನಿಮ್ಮ ಬಿಲ್ 60,000 ರೂಪಾಯಿ ಅಂದುಕೊಳ್ಳಿ. 1,40,000 ಎಳೆದುಕೊಳ್ಳಿ, 80,000 ಏಜೆಂಟ್‌ಗೆ ಹಾಕಿ ಅನ್ನುತ್ತಾರೆ. ಕಾರ್ಡ್ ನಡೆಯುತ್ತದೆ, ಹಣ ನಿಮ್ಮ ಖಾತೆಗೆ ಬಂದೇ ಬರುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಅನುಮಾನ ಎಲ್ಲಿ ಉಳಿಯುತ್ತದೆ?

ಆದರೆ ಅದು ಕದ್ದ ಕಾರ್ಡ್. ನಮ್ಮ ದೇಶದ ಕಾರ್ಡ್ ಆನ್‌ಲೈನ್‌ನಲ್ಲಿ ಬಳಸಿದರೆ ಸಾಮಾನ್ಯವಾಗಿ ಓಟಿಪಿ ಬೇಕು. ಹೊರದೇಶದ ಎಷ್ಟೋ ಕಾರ್ಡ್‌ಗಳು ಬರೀ ನಂಬರ್ ಕೊಟ್ಟರೆ ನಡೆದುಬಿಡುತ್ತವೆ. ಕೆಲವು ವಾರವೋ ತಿಂಗಳೋ ಕಳೆದ ಮೇಲೆ ಕಾರ್ಡ್‌ನ ನಿಜವಾದ ಮಾಲೀಕರು ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ. ಆಗ ಬ್ಯಾಂಕ್ ಆ ಪೂರ್ತಿ 1,40,000ವನ್ನು ನಿಮ್ಮಿಂದ ವಾಪಸ್ ತೆಗೆದುಕೊಳ್ಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಏಜೆಂಟ್‌ಗೆ ಹೋದ 80,000 ನಿಮ್ಮ ಸ್ವಂತ ದುಡ್ಡು. ಅತಿಥಿಗಳೂ ಬರಲಿಲ್ಲ, ಅವರಿಗಾಗಿ ಇಟ್ಟ ರೂಮುಗಳೂ ಖಾಲಿ. ಒಂದು ಸಣ್ಣ ಹೋಂಸ್ಟೇಗೆ ಇದು ಇಡೀ ಸೀಸನ್ನಿನ ಲಾಭ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಹಾಗಾಗಿ ಅಕ್ಕ ಒಂದೇ ನಿಯಮ ಇಟ್ಟುಕೊಂಡಿದ್ದಾರೆ. ಅತಿಥಿಯ ಪರವಾಗಿ ಬೇರೆ ಯಾರಿಗೂ ಒಂದು ರೂಪಾಯಿ ಕಳಿಸುವುದಿಲ್ಲ. ಡ್ರೈವರ್ ಇರಲಿ, ಏಜೆಂಟ್ ಇರಲಿ, ಅಡುಗೆಯವರಿರಲಿ. ರೀಫಂಡ್ ಕೊಡಬೇಕಾದರೆ ಹಣ ಯಾವ ಕಾರ್ಡ್‌ನಿಂದ, ಯಾವ ಖಾತೆಯಿಂದ ಬಂತೋ ಅಲ್ಲಿಗೇ ವಾಪಸ್. ಈ ಮೇಲ್‌ಗೂ ಅದನ್ನೇ ಬರೆದರು: 'ಮುಂಗಡ ಮಾತ್ರ ನಮಗೆ ಹಾಕಿ, ಏಜೆಂಟ್‌ಗೆ ನೀವೇ ಕೊಡಿ, ಒಂದು ವಿಡಿಯೋ ಕಾಲ್‌ನಲ್ಲಿ ಮಾತಾಡೋಣ.' ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ನಿಜವಾಗಿ ಬರುವವರು ಇಷ್ಟಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ವಾ?

ಇದೇ ಮೋಸ ನಮ್ಮ ಕಡೆ ಇನ್ನೊಂದು ವೇಷದಲ್ಲೂ ಬರುತ್ತದೆ. ಸೇನೆಯ ಅಧಿಕಾರಿ ಅಂತ ಹೇಳಿಕೊಂಡು ರೂಮು ಕೇಳುತ್ತಾರೆ, ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ನಂತರ ಒಂದು ಕ್ಯೂಆರ್ ಕೋಡ್ ಬರುತ್ತದೆ. 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ಮುಂಗಡ ನಿಮಗೆ ಬರುತ್ತದೆ' ಅನ್ನುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ಹೋಗುವುದು ನಿಮ್ಮ ಹಣ. ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಬಂಡವಾಳ ಮಾಡಿಕೊಳ್ಳುವುದಿದೆಯಲ್ಲ, ಅದು ತುಂಬಾ ಕೆಟ್ಟ ಕೆಲಸ.

ಇನ್ನೊಂದು ಇದಕ್ಕಿಂತ ಅಪಾಯ. ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಹೋಟೆಲ್‌ಗಳಿಗೆ ಬರುವ ನಕಲಿ ಮೇಲ್‌ಗಳ ಬಗ್ಗೆ ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ಅತಿಥಿಯೊಬ್ಬರು ಕೆಟ್ಟ ರಿವ್ಯೂ ಬರೆದಿದ್ದಾರೆ, ಉತ್ತರ ಕೊಡಿ ಅನ್ನುವಂಥ ಮೇಲ್. ಲಿಂಕ್ ಒತ್ತಿದರೆ 'ನೀವು ರೋಬೋಟ್ ಅಲ್ಲ ಅಂತ ತೋರಿಸಿ' ಅನ್ನುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆ ಪುಟವೇ ಕಾಪಿ ಮಾಡಿಟ್ಟ ಕಮಾಂಡನ್ನು ಪೇಸ್ಟ್ ಮಾಡಿ, ಎಂಟರ್ ಒತ್ತಿ ಅಂತ ಹೇಳಿಕೊಡುತ್ತದೆ. ಹಾಗೆ ಮಾಡಿದರೆ ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರನ್ನು ನಾವೇ ಕಂಪ್ಯೂಟರ್ ಒಳಗೆ ಕರೆದಂತೆ. ನಿಮ್ಮ ಅಕೌಂಟ್ ಅವರ ಕೈಗೆ ಸಿಕ್ಕರೆ, ನಿಮ್ಮ ಹೆಸರಿನಲ್ಲೇ ನಿಮ್ಮ ಅತಿಥಿಗಳಿಗೆ ಮೆಸೇಜ್ ಹಾಕಿ ಹಣ ಕೇಳಬಹುದು. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ಹೆಸರು ಅದು.

ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ಬುಕಿಂಗ್ ಆ್ಯಪ್ ಅನ್ನು ನೀವೇ ತೆರೆದು ನೋಡಿ, ನಿಜವಾದ ಮೆಸೇಜ್ ಆಗಿದ್ದರೆ ಅಲ್ಲೂ ಇರುತ್ತದೆ. ಮೇಲ್‌ಗೂ ಬುಕಿಂಗ್ ಅಕೌಂಟ್‌ಗೂ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೂಡ ಕೇಳುವುದು) ಹಾಕಿ, ಹತ್ತು ನಿಮಿಷದ ಕೆಲಸ.

ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ಹೇಳಿದರೆ ತಡೆಹಿಡಿಯುವ ಅವಕಾಶ ಇರುತ್ತದೆ. ಮೇಲ್‌ಗಳನ್ನು ಅಳಿಸಬೇಡಿ, ದೂರಿಗೆ ಬೇಕಾಗುತ್ತವೆ.

ಈ ವಿಡಿಯೋವನ್ನು ಕೌಂಟರ್‌ನಲ್ಲಿ ಕೂರುವ ಹುಡುಗರಿಗೂ ತೋರಿಸಿ. ದಿನಾ ಮೇಲ್ ತೆರೆಯುವವರು ಅವರೇ.