ಕಿಡ್ನಿ ಕೇಳುವ ಬಾಯಿ ಯಾರದಿರಬೇಕು?

ಕೇಳುಗ ಬಂಧುಗಳೇ, ನಮಸ್ಕಾರ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಾರಾದರೂ ಈಗ ರೇಡಿಯೊ ಹತ್ತಿರ ಇದ್ದರೆ ದನಿ ಸ್ವಲ್ಪ ಏರಿಸಿ, ಮನೆಯವರನ್ನೂ ಕರೀರಿ. ಯಾಕಂದರೆ ಇವತ್ತು ನಾನು ಮಾತಾಡೋದು ನಿಮ್ಮ ಜೊತೆ ಅಲ್ಲ, ನಿಮ್ಮ ಮನೆಯವರ ಜೊತೆ.

ಹುಬ್ಬಳ್ಳಿಯಲ್ಲಿ ಕಿಡ್ನಿ ಕಸಿಗೆ ಬರೋ ಕುಟುಂಬಗಳ ಜೊತೆ ಕೂತು ಮಾತಾಡೋದು ನನ್ನ ಕೆಲಸ. ಡಾಕ್ಟರು ‘ಕಸಿ ಮಾಡಿಸಿದರೆ ಒಳ್ಳೇದು’ ಅಂತ ಹೇಳಿ ಕಳಿಸಿದ ಮೇಲೆ ಅವರು ನನ್ನ ಮುಂದೆ ಬಂದು ಕೂಡ್ತಾರೆ. ‘ದಾನಿ ಯಾರಾದರೂ ಇದ್ದಾರೇನು?’ ಅಂತ ಕೇಳ್ತೇನೆ. ‘ಯಾರೂ ಇಲ್ರಿ ಮೇಡಂ.’ ‘ಯಾರ್ಯಾರನ್ನ ಕೇಳಿದ್ರಿ?’ ಅಂದರೆ ನೆಲ ನೋಡ್ತಾರೆ. ಯಾರನ್ನೂ ಕೇಳಿರೋದಿಲ್ಲ.

ಹೆಂಗ ಕೇಳಬೇಕು ಪಾಪ? ಕೈಗಡ ಆದರೆ ಸುಗ್ಗಿ ಮುಗಿದ ಮೇಲೆ ತಿರುಗಿ ಕೊಡ್ತೇನೆ ಅನ್ನಬಹುದು. ಇದನ್ನ ತಿರುಗಿ ಕೊಡೋ ಮಾತೇ ಇಲ್ಲ. ಬಾಯಿದ್ದವ ಬರಗಾಲದಾಗೂ ಬದುಕಿದ ಅಂತಾರೆ ನಮ್ಮ ಹಿರಿಯರು. ಕಿಡ್ನಿ ಕೈಕೊಟ್ಟವನಿಗೆ ಆ ಬಾಯಿ ಇನ್ನೊಬ್ಬರದಾಗಬೇಕು. ನಾನು ಹೇಳೋದು ಇಷ್ಟೇ: ರೋಗಿ ಕೇಳಬಾರದು, ರೋಗಿ ಪರವಾಗಿ ಮನೆಯ ಒಬ್ಬರು ಹೇಳಬೇಕು. ಕೇಳೋದಲ್ಲ, ಹೇಳೋದು.

ಒಂದು ಮನೆಯ ಕಥೆ ಹೇಳ್ತೇನೆ. ರೋಣ ತಾಲ್ಲೂಕಿನವರು, ಬಸ್ ಕಂಡಕ್ಟರ್. ದಿನಾ ನೂರಾರು ಜನರನ್ನ ‘ಟಿಕೆಟ್, ಟಿಕೆಟ್’ ಅಂತ ಕೇಳೋ ಬಾಯಿ ಸ್ವಂತ ಬಳಗದ ಮುಂದೆ ಕಟ್ಟಿಹೋಗಿತ್ತು. ಊರಲ್ಲಿ ಕೇಳಿದವರಿಗೆಲ್ಲ ‘ಗ್ಯಾಸ್ಟ್ರಿಕ್ ಐತಿ’ ಅಂತಿದ್ದರು. ತೋಳಲ್ಲಿ ಡಯಾಲಿಸಿಸ್‌ಗಂತ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಕಾಣಬಾರದು ಅಂತ ಬಿರುಬಿಸಿಲಲ್ಲೂ ತುಂಬುತೋಳಿನ ಅಂಗಿ. ಹೆಂಡತಿ ಕೊಡೋಕೆ ತಯಾರಿದ್ದರು, ಆದರೆ ಅವರಿಗೆ ಸಕ್ಕರೆ ಕಾಯಿಲೆ, ಆಗಲಿಲ್ಲ. ತಾಯಿಗೆ ವಯಸ್ಸಾಗಿತ್ತು, ಬಿಪಿ ಬೇರೆ. ‘ಮುಗೀತ್ರಿ ಮೇಡಂ’ ಅಂದರು. ಏನು ಮುಗಿಯೋದು? ಶುರುವೇ ಮಾಡಿಲ್ಲ!

ಅವರ ಜೊತೆ ಹೆಂಡತಿಯ ತಮ್ಮ ಬಂದಿದ್ದ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಗುಮಾಸ್ತ. ಅವನು ಮಾತಾಡಿದ್ದು ಕೇಳಿದೆ ನೋಡ್ರಿ, ನನಗೆ ಬೇಕಾದ ಬಾಯಿ ಸಿಕ್ಕಿತು ಅನ್ನಿಸಿತು. ಕೂಡಿಸಿಕೊಂಡು ಹೇಳಿದೆ: ‘ಕಿಡ್ನಿ ಕೊಡ್ರಿ ಅಂತ ಒಬ್ಬರಿಗೂ ಅನ್ನಬ್ಯಾಡಪ್ಪ. ಭಾವನವರಿಗೆ ಏನಾಗಿದೆ ಅನ್ನೋದನ್ನ ಹೇಳು. ಜೀವಂತ ದಾನಿಯ ಕಿಡ್ನಿ ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ನಡೀತದೆ ಅಂತ ಹೇಳು. ಕೊಟ್ಟವರಿಗೆ ಸಣ್ಣ ರಂಧ್ರದ ಆಪರೇಷನ್, ನಾಲ್ಕೈದು ದಿನದಲ್ಲಿ ಮನೆಗೆ, ಒಂದೂವರೆ ತಿಂಗಳು ಭಾರ ಎತ್ತಬಾರದು, ಉಳಿದ ಕಿಡ್ನಿ ಸ್ವಲ್ಪ ದೊಡ್ಡದಾಗಿ ಇನ್ನೊಂದರ ಕೆಲಸಾನೂ ಹಿಡೀತದೆ ಅಂತ ಹೇಳು. ಪರೀಕ್ಷೆಗೆ ಬಂದವರು ಕಡೇ ಗಳಿಗೆಯಲ್ಲಿ ಒಲ್ಲೆ ಅಂದರೂ ನಾವು ಕಾರಣ ಯಾರಿಗೂ ಹೇಳೋದಿಲ್ಲ, ಅದನ್ನ ಮರೀದೆ ಹೇಳು.’ ಅವನಿಗೆ ಇನ್ನೂ ಬೇಕು. ‘ಒಂದ ಕಿಡ್ನಿ ಮ್ಯಾಲ ಯಾರರ ಭಾಳ ವರ್ಷ ಬದುಕ್ಯಾರೇನ್ರಿ?’ ಅಂದ. ಅಮೆರಿಕದ ರೊನಾಲ್ಡ್ ಹೆರಿಕ್ ಹೆಸರು ಕೊಟ್ಟೆ. 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟವನು, ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಅದು. ಕೊಟ್ಟ ಮೇಲೆ ಶಾಲೆಯಲ್ಲಿ ಗಣಿತ ಕಲಿಸಿಕೊಂಡು 2010ರವರೆಗೆ, 79 ವರ್ಷ ಬದುಕಿದ. ಹುಡುಗ ಅಂಗೈ ಮೇಲೆ ಬರ್ಕೊಂಡು ಹೋದ.

ಎಳ್ಳ ಅಮಾಸಿ ಬಂತು. ಬಳಗವೆಲ್ಲ ಹೊಲಕ್ಕೆ ಚರಗ ಚೆಲ್ಲೋಕೆ ಸೇರಿತ್ತು. ಖಡಕ್ ರೊಟ್ಟಿ, ಎಣಗಾಯಿ, ಸಜ್ಜಿ ಕಡಬು ಉಂಡು ಎಲ್ಲರೂ ಬನ್ನಿ ಗಿಡದ ನೆರಳಿಗೆ ಕೂತಾಗ ಈ ಹುಡುಗ ಎದ್ದು ನಿಂತನಂತೆ. ಭಾಷಣ ಇಲ್ಲ ಏನಿಲ್ಲ. ಭಾವನ ಅಂಗಿಯ ತೋಳು ಮಡಚಿ, ‘ಇಲ್ಲೆ ಕೈ ಇಟ್ಟು ನೋಡ್ರಿ’ ಅಂದ. ಫಿಸ್ಟುಲಾ ಮೇಲೆ ಬೆರಳಿಟ್ಟರೆ ರಕ್ತ ಹರಿಯೋದು ಝುಮ್ ಝುಮ್ ಅಂತ ತಿಳೀತದೆ. ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಆಮೇಲೆ ಕಥೆ ಪೂರಾ ಹೇಳಿದ, ಹೆರಿಕ್‌ನನ್ನೂ ಬಿಡಲಿಲ್ಲ. ಕಂಡಕ್ಟರ್ ಸಾಹೇಬರು ತಲೆ ತಗ್ಗಿಸಿ ಕೂತಿದ್ದರಂತೆ. ಯಾರೂ ಏನೂ ಅನ್ನಲಿಲ್ಲ.

ವಾರ ಕಳೆದಿರಬೇಕು, ನಮ್ಮಲ್ಲಿಗೆ ಒಬ್ಬ ಹೆಣ್ಣುಮಗಳು ಬಂದರು. ಕಂಡಕ್ಟರ್ ಸಾಹೇಬರ ಅಕ್ಕ, ಸವಣೂರ ಕಡೆ ಕೊಟ್ಟಿದ್ದವರು. ವಯಸ್ಸು ಐವತ್ತರ ಮೇಲೆ. ಹೊಲದ ಪಾಲಿನ ಮಾತು ಬಂದು ತಮ್ಮನ ಮನೆಗೆ ಹೋಗೋದನ್ನ ಕಡಿಮೆ ಮಾಡಿದ್ದವರು. ತಮ್ಮನನ್ನೂ ಅವತ್ತೇ ಕರೆಸಿಕೊಂಡಿದ್ದರು. ನನ್ನ ಮುಂದೆಯೇ ಅಂದರು: ‘ಪಾಲ ಕೇಳಾಕ ಬಂದಾಳಂತ ತಿಳಕೋಬ್ಯಾಡಪ್ಪ. ಈ ಸಲ ಪಾಲ ಕೊಡಾಕ ಬಂದೇನಿ. ಇಷ್ಟ ದಿನ ನನಗ್ಯಾಕ ಹೇಳಲಿಲ್ಲ ನೀ?’

ರಕ್ತದ ಗುಂಪು ಹೊಂದಿತು, ತಮ್ಮನ ರಕ್ತ ಅಕ್ಕನ ಕಿಡ್ನಿಯನ್ನ ಒಲ್ಲೆ ಅಂತದೇನು ಅಂತ ನೋಡೋ ಕ್ರಾಸ್‌ಮ್ಯಾಚ್ ಪರೀಕ್ಷೆಯೂ ಹೊಂದಿತು, ಸಿಟಿ ಸ್ಕ್ಯಾನ್ ಚೆನ್ನಾಗಿ ಬಂತು. ತಡ ಆಗಿದ್ದು ಕಾಗದದಿಂದ. ಶಾಲೆ ದಾಖಲೆಯಲ್ಲಿ ಒಂದು ಹೆಸರು, ಮದುವೆ ಆದ ಮೇಲೆ ರೇಷನ್ ಕಾರ್ಡಲ್ಲಿ ಇನ್ನೊಂದು. ಇವರಿಬ್ಬರೂ ಅಕ್ಕ-ತಮ್ಮ ಅಂತ ತೋರಿಸೋಕೆ ವೈದ್ಯಕೀಯ ಪರೀಕ್ಷೆಗಿಂತ ಹೆಚ್ಚು ದಿನ ಹಿಡೀತು. ನಡುವೆ ಅವರ ಮಗ ಬಂದು ‘ಅವ್ವಗ ಮುಂದ ಕೆಲಸ ಆಗತೈತೇನ್ರಿ?’ ಅಂತ ಜೋರು ಮಾಡಿದ. ಅವನ ಚಿಂತೆ ಅವ್ವನದೋ ರೊಟ್ಟಿಯದೋ ನನಗೆ ಇವತ್ತಿಗೂ ಗೊತ್ತಿಲ್ಲ! ಇರಲಿ, ಕಸಿ ಆಯಿತು. ಹಳೇ ಕಿಡ್ನಿ ತೆಗೆಯಲಿಲ್ಲ, ಸಾಮಾನ್ಯವಾಗಿ ತೆಗೆಯೋದಿಲ್ಲ. ಹೊಸದನ್ನ ಕಿಬ್ಬೊಟ್ಟೆಯಲ್ಲಿ ಇಟ್ಟು ಜೋಡಿಸ್ತಾರೆ. ಜೋಡಿಸಿದ ಸ್ವಲ್ಪ ಹೊತ್ತಿಗೆ, ಆಪರೇಷನ್ ಟೇಬಲ್ ಮೇಲೇ ಮೂತ್ರ ಬಂತು ಅಂತ ಹೊರಗೆ ಬಂದು ಹೇಳಿದಾಗ ಆ ಗುಮಾಸ್ತ ಹುಡುಗ ಕುಣಿದಾಡಿಬಿಟ್ಟ. ಅಕ್ಕ ಈಗ ವರ್ಷಕ್ಕೊಮ್ಮೆ ಬಿಪಿ, ಕಿಡ್ನಿ ಹೆಂಗ ಕೆಲಸ ಮಾಡ್ತದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿಸಿಕೊಂಡು ಹೋಗ್ತಾರೆ. ಮೈಕೈ ನೋವಿಗೆ ಅಂಗಡಿ ಗುಳಿಗೆ ನುಂಗಬೇಡಿ ಅಂತ ಹೇಳಿದ್ದೇನೆ, ಅಷ್ಟೇ.

ಇದರಲ್ಲಿ ತಮ್ಮ ಕೇಳಲೇ ಇಲ್ಲ, ನೋಡಿದಿರಲ್ಲ. ಹೇಳಿದ್ದು ಇನ್ನೊಬ್ಬ.

ಹೊತ್ತು ಆಗುತ್ತಾ ಬಂತು, ಉಳಿದದ್ದನ್ನ ಬೇಗ ಹೇಳಿಬಿಡ್ತೇನೆ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿಕರು ಅಂದರೆ ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳೂ ಸೇರಿದರು. ನಮ್ಮ ಕಡೆ ಸೋದರಮಾವನಿಗಿಂತ ಹತ್ತಿರದವರು ಯಾರು ಹೇಳ್ರಿ? ಆದರೆ ಕಾಯ್ದೆ ಲೆಕ್ಕದಲ್ಲಿ ಮಾವ ಹೊರಗಿನವ. ಕೊಡಬಹುದು, ಆದರೆ ಅನುಮತಿ ಸಮಿತಿಯ ಮುಂದೆ ಹೋಗಿ ಪ್ರೀತಿಯಿಂದ ಕೊಡ್ತಿದ್ದೇನೆ, ದುಡ್ಡಿಗಲ್ಲ ಅಂತ ತೋರಿಸಬೇಕು. ದುಡ್ಡಿನ ಮಾತು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದು ಬರ್ರಿ. ಕೊಂಡವರಿಗೂ ಮಾರಿದವರಿಗೂ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ.

ಮನೆಯವರದು ರಕ್ತದ ಗುಂಪು ಹೊಂದದಿದ್ದರೆ ಕೈಚೆಲ್ಲಬೇಡಿ. ನಿಮ್ಮ ಮನೆಯವರು ಇನ್ನೊಬ್ಬ ರೋಗಿಗೆ, ಅವರ ಮನೆಯವರು ನಿಮಗೆ, ಹೀಗೆ ಅದಲುಬದಲು ಮಾಡೋದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ಸತ್ತವರು ದಾನ ಮಾಡಿದ ಅಂಗಾಂಗಗಳನ್ನ ಹಂಚೋ ನಮ್ಮ ರಾಜ್ಯದ ಸಂಸ್ಥೆ ಜೀವಸಾರ್ಥಕತೆ. ಆಸ್ಪತ್ರೆ ಮೂಲಕ ಅದರ ಸರದಿಯಲ್ಲೂ ಹೆಸರು ಬರೆಸಿಡಿ. ಆ ಸರದಿ ಉದ್ದ, ಆದರೂ ಬರೆಸಿ.

ಗಂಡಸರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಕೊಡುವವರು ಹೆಚ್ಚಾಗಿ ಹೆಂಗಸರು, ಪಡೆಯುವವರು ಹೆಚ್ಚಾಗಿ ಗಂಡಸರು. ಒಂದು ಕಿಡ್ನಿ ಕೊಟ್ಟರೆ ಗಂಡಸುತನ ಹೋಗೋದಿಲ್ಲ, ಮಕ್ಕಳಾಗೋದು ನಿಲ್ಲೋದಿಲ್ಲ. ನಿಮ್ಮ ರಕ್ತದ ಗುಂಪನ್ನೂ ಒಮ್ಮೆ ನೋಡಿಸಿಕೊಳ್ಳಿ.

ನಿಮ್ಮ ಮನೆಯಲ್ಲಿ ಮಾತಾಡುವವರು ಯಾರು ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ಗೊತ್ತು ಮಾಡಿ. ಆಸ್ಪತ್ರೆಗೆ ಬರುವಾಗ ಅವರನ್ನೂ ಕರಕೊಂಡು ಬನ್ನಿ. ಜೊತೆಗೆ ಎಲ್ಲರ ಆಧಾರ್, ರೇಷನ್ ಕಾರ್ಡ್, ಶಾಲೆ ದಾಖಲೆ. ಹೆಸರು ಒಂದಕ್ಕೊಂದು ಹೊಂದದಿದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ. ನಮಸ್ಕಾರ.